ಶಾಂಘಾಯ್ ಪಟ್ಟಣವನ್ನು ನೋಡುವ ಬಗೆ

ಪರದೇಶದ ದೊಡ್ಡ ಪಟ್ಟಣಕ್ಕೆ ಹೊರಟವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಅಲ್ಲಿ ನೋಡತಕ್ಕದ್ದೇನು? ಅದಕ್ಕೆ ಎಷ್ಟು ದಿನ ಬೇಕು? ಚೀನಾದೇಶದ ಮಹಾ ರೇವುಪಟ್ಟಣವಾದ ಶಾಂಘಾಯಿಗೆ ಹೋಗುವ ಭಾರತೀಯರು ಇವೆರಡರ ಜೊತೆಗೆ ಮೂರನೆಯದೊಂದನ್ನೂ ಕೇಳಿಕೊಳ್ಳುವುದು ಒಳ್ಳೆಯದೆಂದು ನಮಗೆ ತೋರುತ್ತದೆ. ಈ ಐಶ್ವರ್ಯವು ಯಾವ ದಾರಿಯಿಂದ ಬಂದಿತು? ಮೊದಲಿನ ಎರಡು ಪ್ರಶ್ನೆಗಳಿಗೆ ಯಾವ ಮಾರ್ಗದರ್ಶಿಯಾದರೂ ಉತ್ತರ ಹೇಳಬಲ್ಲನು. ಮೂರನೆಯದರ ಉತ್ತರವನ್ನು ಹುಡುಕುತ್ತ ಹೋದವರಿಗೆ ಆ ಪಟ್ಟಣದ ಬೀದಿಗಳಲ್ಲಿ ನಮ್ಮ ನಾಡಿನವರ ಹೆಜ್ಜೆಗುರುತುಗಳೇ ಪದೇಪದೇ ಕಾಣಸಿಕ್ಕುತ್ತವೆ. ಅವುಗಳಲ್ಲಿ ಹೆಮ್ಮೆಪಡತಕ್ಕವೂ ಉಂಟು, ತಲೆತಗ್ಗಿಸತಕ್ಕವೂ ಉಂಟು. ಎರಡನ್ನೂ ಕಣ್ಣು ತೆರೆದು ನೋಡುವುದೇ ಯಾತ್ರೆಯ ಫಲ.

ನೆಲ ಮತ್ತು ನೀರು

ಚೀನೀ ಭಾಷೆಯಲ್ಲಿ 'ಶಾಂಗ್' ಎಂದರೆ ಮೇಲೆ, 'ಹಾಯ್' ಎಂದರೆ ಸಮುದ್ರ. ಕಡಲ ಮೇಲಣ ಊರೆಂಬ ಈ ಹೆಸರು ಅನ್ವರ್ಥವಾದುದು. ಯಾಂಗ್‌ತ್ಸೆ ಮಹಾನದಿಯು ಸಾವಿರಾರು ವರ್ಷಗಳಿಂದ ಹೊತ್ತುತಂದು ಹಾಕಿದ ಮೆಕ್ಕಲುಮಣ್ಣೇ ಈ ಪಟ್ಟಣದ ನೆಲವಾಗಿದೆ. ಸಮುದ್ರದ ಮಟ್ಟಕ್ಕಿಂತ ಅದು ಸರಾಸರಿ ಹನ್ನೆರಡು ಹದಿಮೂರು ಅಡಿಗಳಷ್ಟು ಮಾತ್ರ ಎತ್ತರದಲ್ಲಿದೆ. ಊರ ನಡುವೆ ಹುವಾಂಗ್‌ಪು ಎಂಬ ಹೊಳೆಯು ಬಳುಕುತ್ತ ಹರಿದು, ವುಸೋಂಗ್ ಎಂಬಲ್ಲಿ ಯಾಂಗ್‌ತ್ಸೆಯನ್ನು ಕೂಡಿಕೊಳ್ಳುತ್ತದೆ. ಈ ಹೊಳೆಯ ಪಡುವಣ ದಡಕ್ಕೆ ಪುಶಿ ಎಂದೂ ಮೂಡಣ ದಡಕ್ಕೆ ಪುದೋಂಗ್ ಎಂದೂ ಹೆಸರು. ಹಳೆಯ ಪಟ್ಟಣವೆಲ್ಲ ಪುಶಿಯಲ್ಲಿದೆ. ಹೊಸದರ ಬಹುಭಾಗವು ಪುದೋಂಗಿನಲ್ಲಿದೆ. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟರೆ ದಾರಿ ತಪ್ಪುವ ಭಯವು ಅರ್ಧ ಕಳೆಯುವುದು.

13ನೆಯ ಶತಮಾನದ ಕೊನೆಯಲ್ಲಿ ಶಾಂಘಾಯ್ ಒಂದು ತಾಲ್ಲೂಕಿನಂತಹ ಸೀಮೆಗೆ ಮುಖ್ಯಸ್ಥಳವಾಯಿತು. ಸುತ್ತಲಿನ ಹೊಲಗಳಲ್ಲಿ ಹತ್ತಿ ಬೆಳೆಯುತ್ತಿದ್ದಿತು. ಮನೆಮನೆಯಲ್ಲಿಯೂ ರಾಟೆ ಮಗ್ಗಗಳಿದ್ದವು. 1553ರಲ್ಲಿ ಕಡಲುಗಳ್ಳರ ಹಾವಳಿಯನ್ನು ತಡೆಯಲು ಕೋಟೆಯನ್ನು ಕಟ್ಟಿದರು. ಆ ಕೋಟೆಯೊಳಗಣ ಊರು ಇಂದು ಎಷ್ಟು ಬೆಳೆದಿದೆಯೆಂದರೆ, 2020ರ ಗಣತಿಯಂತೆ ಶಾಂಘಾಯಿಯಲ್ಲಿ ಸುಮಾರು 2 ಕೋಟಿ 48 ಲಕ್ಷ ಜನರಿದ್ದರು. 2011ರ ಗಣತಿಯಲ್ಲಿ ಇಡೀ ಕರ್ನಾಟಕದಲ್ಲಿದ್ದ ಜನರನ್ನು ಐದು ಪಾಲು ಮಾಡಿದರೆ, ಎರಡು ಪಾಲಿನಷ್ಟು ಮಂದಿ ಒಂದೇ ಪಟ್ಟಣದಲ್ಲಿ ಸೇರಿದಂತಾಯಿತು.

ಹೊರಡುವ ಮೊದಲು

ಚೀನಾದೇಶಕ್ಕೆ ಹೋಗುವ ಭಾರತೀಯರು ವೀಸಾವನ್ನು ಇಲ್ಲಿಯೇ ಪಡೆದುಕೊಂಡು ಹೊರಡಬೇಕು. 2020ರಲ್ಲಿ ನಿಂತುಹೋಗಿದ್ದ ಉಭಯ ದೇಶಗಳ ನಡುವಣ ನೇರ ವಿಮಾನಸಂಚಾರವು 2025ರ ಕೊನೆಯ ತಿಂಗಳುಗಳಲ್ಲಿ ಪುನಃ ಆರಂಭವಾಯಿತು. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ.

ಕಾಲವನ್ನು ಆರಿಸುವುದರಲ್ಲಿ ಎಚ್ಚರಿಕೆ ಅಗತ್ಯ. ಜೂನ್ ತಿಂಗಳ ನಡುವಿನಿಂದ ಜುಲೈ ತಿಂಗಳ ಮೊದಲವರೆಗೆ ಬಿಡದೆ ಜಿನುಗುವ ಮಳೆಗಾಲವಿರುತ್ತದೆ. ಆ ಕಾಲದಲ್ಲಿ ಒಂದು ಜಾತಿಯ ಹಣ್ಣು ಮಾಗುವುದರಿಂದ ಅದನ್ನು ಹಣ್ಣಿನ ಮಳೆಯೆಂದೇ ಕರೆಯುತ್ತಾರೆ. ಅದರ ಹಿಂದೆಯೇ ಕಡುಬೇಸಗೆಯೂ ಬಿರುಗಾಳಿಯೂ ಬರುತ್ತವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಶೀತವಾಗುವುದೂ ಉಂಟು. ನಮ್ಮ ಚೈತ್ರ ವೈಶಾಖಗಳೂ ಆಶ್ವಯುಜ ಕಾರ್ತೀಕಗಳೂ ಅಲ್ಲಿ ಹಿತವಾದ ಮಾಸಗಳು. ಆದರೆ ಅಕ್ಟೋಬರ್ ತಿಂಗಳ ಮೊದಲ ವಾರವನ್ನು ಬಿಡಬೇಕು. ರಾಷ್ಟ್ರೀಯ ಹಬ್ಬದ ರಜೆಗಾಗಿ ದೇಶಕ್ಕೆ ದೇಶವೇ ಪ್ರವಾಸ ಹೊರಟಿರುತ್ತದೆ.

ಹಣದ ವಿಷಯದಲ್ಲಿ ಒಂದು ಮಾತು. ಅಂಗಡಿ, ಹೋಟೆಲು, ಬೀದಿಯ ತರಕಾರಿಯವಳು, ಎಲ್ಲರೂ ಮೊಬೈಲಿನಲ್ಲಿಯೇ ಹಣ ತೆಗೆದುಕೊಳ್ಳುತ್ತಾರೆ. ಅದಕ್ಕೆ ಬೇಕಾದ ಅಲಿಪೇ ಅಥವಾ ವಿಚಾಟ್ ಎಂಬ ಏರ್ಪಾಡನ್ನು ಮನೆಯಲ್ಲಿರುವಾಗಲೇ ಮಾಡಿಕೊಳ್ಳಬೇಕು. ನಮಗೆ ರೂಢಿಯಾಗಿರುವ ಗೂಗಲ್, ವಾಟ್ಸಾಪ್ ಮೊದಲಾದವುಗಳಿಗೆ ಅಲ್ಲಿ ತಡೆಯುಂಟು. ಆದುದರಿಂದ ಇಳಿದುಕೊಳ್ಳುವ ಸ್ಥಳದ ವಿಳಾಸವನ್ನು ಚೀನೀ ಲಿಪಿಯಲ್ಲಿ ಬರೆಯಿಸಿ ಜೇಬಿನಲ್ಲಿಟ್ಟುಕೊಳ್ಳುವುದು ಜಾಣತನ. ಪಟ್ಟಣದೊಳಗೆ ತಿರುಗಾಡಲು ಮೆಟ್ರೋ ರೈಲಿಗಿಂತ ಉತ್ತಮವಾದ ಸಾಧನವಿಲ್ಲ. 1993ರಲ್ಲಿ ಆರಂಭವಾದ ಆ ರೈಲುಮಾರ್ಗವು ಇಂದು 500 ಮೈಲಿಗಳಷ್ಟು ಹಬ್ಬಿದೆ. ನಿಲ್ದಾಣಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಬರೆದಿರುತ್ತಾರೆ.

ಮೊದಲ ದಿನ: ಹಳೆಯ ಊರು ಮತ್ತು ಹೊಳೆಯ ಏರಿ

ಮೊದಲು ಹಳೆಯ ಚೀನೀ ಪಟ್ಟಣವನ್ನು ನೋಡತಕ್ಕುದು. ಅಲ್ಲಿ ಯು ಉದ್ಯಾನವಿದೆ. ಮಿಂಗ್ ಅರಸರ ಕಾಲದ ಅಧಿಕಾರಿಯಾದ ಪಾನ್ ಯುಂದುವಾನ್ ಎಂಬವನು ತನ್ನ ವೃದ್ಧ ತಂದೆಯ ಸಂತೋಷಕ್ಕಾಗಿ ಇದನ್ನು 1559ರಲ್ಲಿ ಆರಂಭಿಸಿ 1577ರಲ್ಲಿ ಮುಗಿಸಿದನೆಂದು ಚರಿತ್ರೆಯು ಹೇಳುತ್ತದೆ. ಐದೆಕರೆಯಷ್ಟು ಸಣ್ಣ ಸ್ಥಳದಲ್ಲಿ ಕೊಳ, ಕೃತಕ ಬೆಟ್ಟ, ಸೇತುವೆ, ಮಂಟಪಗಳನ್ನು ಎಷ್ಟು ಜಾಣ್ಮೆಯಿಂದ ಜೋಡಿಸಿದ್ದಾರೆಂದರೆ, ಪ್ರತಿಯೊಂದು ತಿರುವಿನಲ್ಲಿಯೂ ಹೊಸತೊಂದು ತೋಟವೇ ಎದುರಾದಂತಾಗುತ್ತದೆ. ಉದ್ಯಾನದ ಹೊರಗಡೆ ಕೊಳದ ನಡುವೆ ಹಳೆಯ ಚಹಾಮಂದಿರವೊಂದಿದೆ. ಅಲ್ಲಿಗೆ ಹೋಗುವ ಸೇತುವೆಯು ಒಂಬತ್ತು ಕಡೆ ಮುರಿದು ಮುರಿದು ತಿರುಗುತ್ತದೆ. ದೆವ್ವಗಳು ನೇರವಾಗಿ ಮಾತ್ರ ನಡೆಯಬಲ್ಲವು, ತಿರುವಿದ್ದಲ್ಲಿ ಬರಲಾರವು ಎಂಬುದು ಜನರ ನಂಬಿಕೆ.

ಅಲ್ಲಿಂದ ಕಾಲುನಡಿಗೆಯಲ್ಲಿಯೇ ಹೊಳೆಯ ಏರಿಗೆ ಹೋಗಬಹುದು. ಜಗತ್ಪ್ರಸಿದ್ಧವಾದ ಈ ಏರಿಗೆ ಇಂಗ್ಲಿಷರು ಬಂಡ್ ಎಂದು ಹೆಸರಿಟ್ಟರು. ಈ ಮಾತು ಚೀನೀಯರದಲ್ಲ, ಇಂಗ್ಲಿಷರದೂ ಅಲ್ಲ. ಕಟ್ಟೆ ಅಥವಾ ಒಡ್ಡು ಎಂಬರ್ಥದ ಹಿಂದೂಸ್ತಾನೀ 'ಬಂದ್' ಎಂಬುದೇ ಅವರ ನಾಲಗೆಯ ಮೇಲೆ ಹಡಗು ಹತ್ತಿ ಅಲ್ಲಿಗೆ ಹೋಯಿತು. ಮಾತಿನ ಜೊತೆಗೆ ಏನೇನು ಹೋಯಿತೆಂಬುದನ್ನು ಏರಿಯ ಮೇಲೆ ನಿಂತು ಯೋಚಿಸಬೇಕು.

ಇಂಗ್ಲಿಷರಿಗೆ ಚೀನಾದ ಚಹಾ ಮತ್ತು ರೇಷ್ಮೆಗಳು ಬೇಕಾಗಿದ್ದವು. ಚೀನೀಯರಿಗೆ ಇಂಗ್ಲಿಷರ ಸರಕು ಅಷ್ಟಾಗಿ ಬೇಕಾಗಿರಲಿಲ್ಲ. ಬೆಳ್ಳಿಯನ್ನು ಸುರಿಯಬೇಕಾಯಿತು. ಬೆಳ್ಳಿಯು ಹೋಗುವುದನ್ನು ತಡೆಯಲು ಕಂಡುಕೊಂಡ ಉಪಾಯವೇ ಅಫೀಮು. ಗಂಗಾತೀರದ ರೈತರಿಗೆ ಮುಂಗಡ ಹಣ ಕೊಟ್ಟು ಗಸಗಸೆಯ ಗಿಡವನ್ನು ಬೆಳೆಯಿಸಿ, ಪಟ್ನಾ ಗಾಜೀಪುರಗಳಲ್ಲಿ ಅಫೀಮನ್ನು ಉಂಡೆಗಟ್ಟಿ, ಕಲಕತ್ತೆಯಲ್ಲಿ ಕಂಪನಿಯವರು ಹರಾಜು ಹಾಕುತ್ತಿದ್ದರು. ಮಾಳವದ ಅಫೀಮು ಮುಂಬಯಿಯಿಂದ ಹಡಗೇರುತ್ತಿದ್ದಿತು. ಚೀನಾದ ಸರಕಾರವು ಇದನ್ನು ನಿಷೇಧಿಸಿದ್ದರೂ ಕಳ್ಳಸಾಗಣೆಯು ನಿಲ್ಲಲಿಲ್ಲ. 1839ರಲ್ಲಿ ಲಿನ್ ತ್ಸೆಶೂ ಎಂಬ ನಿಷ್ಠುರ ಅಧಿಕಾರಿಯು ಕ್ಯಾಂಟನ್ನಿನ ಕಡೆಯಲ್ಲಿ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶಮಾಡಿದನು. ಇಂಗ್ಲಿಷರು ಯುದ್ಧ ಹೂಡಿದರು. ಆ ಯುದ್ಧಕ್ಕೆ ಹೋದ ಸೈನ್ಯದಲ್ಲಿ ಮದ್ರಾಸಿನ ದಳಗಳೂ ಇದ್ದವು. ಇಂದಿಗೂ ಬೆಂಗಳೂರನ್ನೇ ನೆಲೆಯಾಗಿ ಮಾಡಿಕೊಂಡಿರುವ ಮದ್ರಾಸ್ ಸ್ಯಾಪರ್ಸ್ ದಳದವರು ಅವರಲ್ಲಿ ಸೇರಿದ್ದರು. 1842ರ ಆಗಸ್ಟ್ 29ರಂದು ನಾನ್‌ಜಿಂಗಿನಲ್ಲಿ ಒಪ್ಪಂದವಾಯಿತು. ಐದು ರೇವುಗಳನ್ನು ತೆರೆಯಬೇಕಾಯಿತು. ಶಾಂಘಾಯ್ ಅವುಗಳಲ್ಲೊಂದು. 1843ರ ನವೆಂಬರ್ 17ರಂದು ಅದು ಪರದೇಶದ ವ್ಯಾಪಾರಕ್ಕೆ ತೆರೆಯಲ್ಪಟ್ಟಿತು.

ಏರಿಯ ಉದ್ದಕ್ಕೂ ಸುಮಾರು ಒಂದು ಮೈಲಿಯವರೆಗೆ ಸಾಲಾಗಿ ನಿಂತಿರುವ ಕಲ್ಲಿನ ಸೌಧಗಳು ಆಮೇಲಿನ ನೂರು ವರ್ಷಗಳ ಫಲ. ಗುಮ್ಮಟವುಳ್ಳ ದೊಡ್ಡ ಕಟ್ಟಡವು 1923ರಲ್ಲಿ ಹಾಂಗ್‌ಕಾಂಗ್ ಶಾಂಘಾಯ್ ಬ್ಯಾಂಕಿನವರು ಕಟ್ಟಿಸಿದುದು. ಒಳಗಿನ ಛಾವಣಿಯಲ್ಲಿ ಬಣ್ಣದ ಹರಳುಗಳನ್ನು ಜೋಡಿಸಿ, ಆ ಬ್ಯಾಂಕಿನ ವ್ಯವಹಾರವಿದ್ದ ಎಂಟು ಮಹಾನಗರಗಳನ್ನು ಚಿತ್ರಿಸಿದ್ದಾರೆ. ಲಂಡನ್, ಪ್ಯಾರಿಸ್, ನ್ಯೂಯಾರ್ಕುಗಳ ಜೊತೆಯಲ್ಲಿ ನಮ್ಮ ಕಲಕತ್ತೆಯೂ ಅಲ್ಲಿದೆ. ಮಗ್ಗುಲಲ್ಲಿ 1927ರ ಸುಂಕದ ಕಟ್ಟೆಯ ಗಡಿಯಾರದ ಗೋಪುರ. ಇನ್ನೂ ಮುಂದೆ ಹಸಿರು ಶಿಖರದ ಪೀಸ್ ಹೋಟೆಲು. ಇದನ್ನು 1929ರಲ್ಲಿ ಕಟ್ಟಿಸಿದವನು ಸರ್ ವಿಕ್ಟರ್ ಸಸೂನ್. ಮುಂಬಯಿಯ ಕೊಲಾಬಾದಲ್ಲಿ ಸಸೂನ್ ಡಾಕ್ ಎಂಬ ಧಕ್ಕೆಯನ್ನು ನೋಡಿದವರಿಗೆ ಆ ಹೆಸರು ಹೊಸದಲ್ಲ. ಬಾಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಡೇವಿಡ್ ಸಸೂನನ ಮಗನು 1844ರಲ್ಲಿ ಚೀನಾಕ್ಕೆ ಹೋಗಿ ವ್ಯಾಪಾರ ತೊಡಗಿದನು. ಆ ಮನೆತನದ ಸಂಪತ್ತಿನಲ್ಲಿ ಹತ್ತಿಯ ಪಾಲೂ ಇದೆ, ಅಫೀಮಿನ ಪಾಲೂ ಇದೆ. ಹೀಗೆ ಮಾಳವದ ಹೊಲಕ್ಕೂ ಶಾಂಘಾಯಿಯ ಅಮೃತಶಿಲೆಯ ಮೆಟ್ಟಿಲಿಗೂ ಸಂಬಂಧವುಂಟು.

ಏರಿಯ ಉತ್ತರದ ತುದಿಯಲ್ಲಿ ಹುವಾಂಗ್‌ಪು ಉದ್ಯಾನವಿದೆ. 1868ರಲ್ಲಿ ತೆರೆದ ಈ ಉದ್ಯಾನಕ್ಕೆ 1928ರವರೆಗೆ ಚೀನೀಯರಿಗೆ ಪ್ರವೇಶವಿರಲಿಲ್ಲ. ಬಿಳಿಯರ ಮಕ್ಕಳನ್ನು ಎತ್ತಿಕೊಂಡು ಬರುವ ಆಳುಗಳಿಗೆ ಮಾತ್ರ ಅವಕಾಶ. ತನ್ನ ಊರಿನಲ್ಲಿ, ತನ್ನ ಹೊಳೆಯ ದಡದಲ್ಲಿ, ತನಗೇ ಕೂರಲು ಸ್ಥಳವಿಲ್ಲವೆಂದರೆ ಆ ಮನುಷ್ಯನಿಗೆ ಹೇಗಾಗಿದ್ದೀತೆಂದು ಊಹಿಸುವುದು ನಮ್ಮ ದೇಶದವರಿಗೆ ಕಷ್ಟವಲ್ಲ. ಇಂದು ಅಲ್ಲಿ ಚೀನಾದ ವೀರರ ಸ್ಮಾರಕಸ್ತಂಭವು ನಿಂತಿದೆ; ಮುಂಜಾನೆ ಮುದುಕರು ಮುದುಕಿಯರು ನಿಧಾನವಾಗಿ ಕೈಕಾಲು ಆಡಿಸುತ್ತ ವ್ಯಾಯಾಮ ಮಾಡುತ್ತಾರೆ. ಅವರನ್ನು ಕೇಳುವವರು ಯಾರೂ ಇಲ್ಲ.

ಏರಿಯಿಂದ ಪಡುವಣಕ್ಕೆ ಹೋಗುವ ನಾನ್‌ಜಿಂಗ್ ರಸ್ತೆಯು ಅಂಗಡಿಬೀದಿಗಳಲ್ಲಿ ಹೆಸರಾದುದು. ದೀಪಗಳ ಬೆಳಕಿನಲ್ಲಿ ಅಲ್ಲಿ ನಡೆಯುವಾಗ 1925ರ ಮೇ 30ನ್ನು ನೆನೆಯಬೇಕು. ಜಪಾನೀಯರ ಗಿರಣಿಯಲ್ಲಿ ಕೂಲಿಕಾರನೊಬ್ಬನು ಗುಂಡಿಗೆ ಸತ್ತುದನ್ನು ಖಂಡಿಸಿ ವಿದ್ಯಾರ್ಥಿಗಳು ಈ ಬೀದಿಯಲ್ಲಿ ನೆರೆದಿದ್ದರು. ಇಂಗ್ಲಿಷ್ ಅಧಿಕಾರಿಯ ಅಪ್ಪಣೆಯಂತೆ ಪೋಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಗುಂಡು ಹಾರಿಸಿದವರಲ್ಲಿ ಚೀನೀಯರೂ ಇದ್ದರು, ಪಂಜಾಬಿನಿಂದ ಹೊಟ್ಟೆಪಾಡಿಗಾಗಿ ಹೋದ ಸಿಖ್ಖರೂ ಇದ್ದರು. 1880ರ ದಶಕದಿಂದ ಇಂಗ್ಲಿಷರು ಸಿಖ್ಖರನ್ನು ಅಲ್ಲಿ ಪೋಲೀಸು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಊರಿನವರು ಅವರನ್ನು ಕೆಂಪು ತಲೆಯವರೆಂದು ಹಾಸ್ಯಮಾಡುತ್ತಿದ್ದರು. ಜಲಿಯನ್‌ವಾಲಾ ಬಾಗಿನ ಗುಂಡಿನ ಮಳೆಗೆ ಆಗ ಆರೇ ವರ್ಷ ಕಳೆದಿದ್ದಿತು. ಒಬ್ಬ ಪರಾಧೀನನ ಕೈಯಲ್ಲಿ ಕೋವಿಯನ್ನು ಕೊಟ್ಟು ಇನ್ನೊಬ್ಬ ಪರಾಧೀನನ ಎದೆಗೆ ಗುರಿಯಿಡಿಸುವುದು ಸಾಮ್ರಾಜ್ಯದ ಹಳೆಯ ವಿದ್ಯೆ.

ಎರಡನೆಯ ದಿನ: ಓಣಿಗಳು ಮತ್ತು ದೇವಾಲಯಗಳು

ಸೌಧಗಳು ಪಟ್ಟಣದ ಮುಖವಾದರೆ, ಓಣಿಗಳು ಅದರ ಮನೆ. 1850 ಮತ್ತು 1860ರ ದಶಕಗಳಲ್ಲಿ ತೈಪಿಂಗ್ ದಂಗೆಯ ಭಯದಿಂದ ಸುತ್ತಲಿನ ಸೀಮೆಯ ಜನರು ಸಾವಿರಗಟ್ಟಲೆ ಓಡಿಬಂದು ಪರದೇಶೀಯರ ವಸತಿಗಳಲ್ಲಿ ಆಶ್ರಯ ಕೇಳಿದರು. ಅವರಿಗೆ ಬಾಡಿಗೆ ಕೊಡಲೆಂದು ಹುಟ್ಟಿದುವು ಶಿಕುಮೆನ್ ಎಂಬ ಕಲ್ಲುಬಾಗಿಲ ಮನೆಗಳು. ಕಲ್ಲಿನ ಚೌಕಟ್ಟಿಗೆ ಕಪ್ಪು ಬಣ್ಣದ ಎರಡು ಕದಗಳು, ಒಳಗೆ ಸಣ್ಣ ಅಂಗಳ, ಹಿಂದೆ ಅಡುಗೆಮನೆ, ಮೇಲೆ ಒಂದು ಉಪ್ಪರಿಗೆ. ನಮ್ಮ ತೊಟ್ಟಿಯ ಮನೆಯನ್ನು ಕುಗ್ಗಿಸಿ, ವಿಲಾಯತಿಯ ಸಾಲುಮನೆಯಂತೆ ಒಂದಕ್ಕೊಂದು ಅಂಟಿಸಿದರೆ ಹೇಗೋ ಹಾಗೆ. ಅಡುಗೆಮನೆಯ ಮೇಲಣ ಕಿರುಕೋಣೆಯು ಬೇಸಗೆಯಲ್ಲಿ ಕಾಯುವುದು, ಚಳಿಗಾಲದಲ್ಲಿ ಕೊರೆಯುವುದು. ಅದಕ್ಕೆ ಬಾಡಿಗೆ ಕಡಿಮೆ. ಬಡ ಲೇಖಕರು ಅಂತಹ ಕೋಣೆಗಳಲ್ಲಿಯೇ ಕುಳಿತು ಹೊಸ ಚೀನೀ ಸಾಹಿತ್ಯದ ಬಹುಭಾಗವನ್ನು ಬರೆದರು. ಒಂದು ಮನೆಗೆ ಒಂದು ಸಂಸಾರವೆಂದು ಕಟ್ಟಿದಲ್ಲಿ ಆಮೇಲೆ ನಾಲ್ಕೈದು ಸಂಸಾರಗಳು ತುಂಬಿಕೊಂಡವು.

ಇಂತಹ ಒಂದು ಓಣಿಯ ಮನೆಯಲ್ಲಿಯೇ 1921ರ ಜುಲೈ ತಿಂಗಳಿನಲ್ಲಿ ಚೀನಾದ ಕಮ್ಯೂನಿಸ್ಟ್ ಪಕ್ಷದ ಪ್ರಥಮ ಅಧಿವೇಶನವು ನಡೆಯಿತು. ಪೋಲೀಸರ ಶಂಕೆಯುಂಟಾದುದರಿಂದ ಕೊನೆಯ ಸಭೆಯನ್ನು ಬೇರೊಂದು ಊರಿನ ಸರೋವರದ ದೋಣಿಯಲ್ಲಿ ಮುಗಿಸಬೇಕಾಯಿತು. ಆ ಮನೆಯು ಈಗ ವಸ್ತುಪ್ರದರ್ಶನಾಲಯವಾಗಿದೆ. ಅದರ ಸುತ್ತಲಿನ ಓಣಿಗಳನ್ನು 2001ರ ಸುಮಾರಿನಲ್ಲಿ ತಿದ್ದಿ, ಶಿನ್‌ತಿಯಾಂದಿ ಎಂಬ ಹೆಸರಿನಲ್ಲಿ ಬೆಲೆಬಾಳುವ ಅಂಗಡಿಗಳನ್ನೂ ಭೋಜನಶಾಲೆಗಳನ್ನೂ ತೆರೆದಿದ್ದಾರೆ. ಗೋಡೆ ಉಳಿಯಿತು, ಬಾಗಿಲು ಉಳಿಯಿತು. ಒಳಗಿದ್ದ ಸಂಸಾರಗಳು ಉಳಿಯಲಿಲ್ಲ. 1990ರ ತರುವಾಯ ಇಂತಹ ಅನೇಕ ಓಣಿಗಳು ನೆಲಸಮವಾಗಿ, ನಿವಾಸಿಗಳು ಊರ ಹೊರವಲಯದ ಎತ್ತರದ ಮನೆಗಳಿಗೆ ಹೋದರು. ಅಲ್ಲಿ ಪ್ರತ್ಯೇಕ ಸ್ನಾನದ ಮನೆಯುಂಟು, ಬಚ್ಚಲುಂಟು, ಗಾಳಿ ಬೆಳಕುಂಟು. ಹಳೆಯ ಓಣಿಯಲ್ಲಿ ಬೆಳಗಾದರೆ ಮಲದ ಮಡಕೆಯನ್ನು ಹೊರಗಿಡಬೇಕಾಗಿದ್ದಿತು. ಆದುದರಿಂದ ಹಳೆಯದೆಲ್ಲ ಹೊನ್ನೆಂದು ಪ್ರವಾಸಿಯು ಮರುಗುವುದು ಸುಲಭ. ಅಲ್ಲಿ ಬಾಳಿದವರ ಲೆಕ್ಕವೇ ಬೇರೆ. ನೆರೆಯವಳ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ತಿಳಿಯುವ ಸಲಿಗೆಯನ್ನು ಕಳೆದುಕೊಂಡು ಸ್ವಂತ ನಲ್ಲಿಯನ್ನು ಪಡೆಯುವ ಈ ವಿನಿಮಯವು ನಮ್ಮ ಊರುಗಳ ವಠಾರಗಳಿಗೂ ಗೊತ್ತಿರುವುದೇ. ಜನರು ಇನ್ನೂ ವಾಸವಾಗಿರುವ ಓಣಿಯನ್ನು ನೋಡಬೇಕಾದರೆ, 1930ರಲ್ಲಿ ಕಟ್ಟಿದ ಬುಗಾವೊಲಿಯ ಕಡೆಗೆ ಹೋಗಬೇಕು. ಅಂತಹ ಕಡೆ ಮೆಲ್ಲಗೆ ಮಾತನಾಡಿ, ಕೇಳದೆ ಚಿತ್ರ ತೆಗೆಯದೆ, ಮತ್ತೊಬ್ಬರ ಅಂಗಳದಲ್ಲಿರುವ ಅರಿವಿನಿಂದ ನಡೆಯತಕ್ಕುದು.

ಈ ಭಾಗದಲ್ಲಿಯೇ ಮಾವೊಮಿಂಗ್ ರಸ್ತೆಯೂ ನಾನ್‌ಚಾಂಗ್ ರಸ್ತೆಯೂ ಕೂಡುವಲ್ಲಿ ಮರಗಳ ನೆರಳಿನಲ್ಲಿ ರವೀಂದ್ರನಾಥ ಠಾಕೂರರ ಪ್ರತಿಮೆಯಿದೆ. 2010ರಲ್ಲಿ ಅದರ ಅನಾವರಣವಾಯಿತು. ರವೀಂದ್ರರು 1924ರ ಏಪ್ರಿಲ್ ತಿಂಗಳಿನಲ್ಲಿ ಶಾಂಘಾಯಿಯಲ್ಲಿಯೇ ಚೀನಾದ ನೆಲಕ್ಕೆ ಕಾಲಿಟ್ಟರು. ಅವರ ಭಾಷಣಗಳನ್ನು ಚೀನೀ ಭಾಷೆಗೆ ತಿಳಿಸುತ್ತಿದ್ದ ತರುಣ ಕವಿ ಶೂ ಚಿಮೊ ಅವರಿಗೆ ಮಗನಂತಾದನು. 1929ರಲ್ಲಿ ರವೀಂದ್ರರು ಶಾಂಘಾಯಿಯ ಅವನ ಮನೆಯಲ್ಲಿ ಅತಿಥಿಯಾಗಿ ತಂಗಿದ್ದರು. ಹೆಚ್ಚು ಜನರಿಗೆ ತಿಳಿಯದ ಸಂಗತಿಯೊಂದುಂಟು. 1881ರಲ್ಲಿ, ಇಪ್ಪತ್ತು ವರ್ಷದ ತರುಣರಾಗಿದ್ದಾಗಲೇ, ರವೀಂದ್ರರು ಬಂಗಾಳಿಯಲ್ಲಿ ಲೇಖನವೊಂದನ್ನು ಬರೆದು, ಚೀನಾದೊಡನೆ ನಡೆಯುತ್ತಿದ್ದ ಅಫೀಮಿನ ವ್ಯವಹಾರವನ್ನು ಮರಣದ ವ್ಯಾಪಾರವೆಂದು ಖಂಡಿಸಿದ್ದರು. ಏರಿಯ ಮೇಲೆ ತಗ್ಗಿದ ತಲೆಯು ಈ ಪ್ರತಿಮೆಯ ಮುಂದೆ ಸ್ವಲ್ಪ ಎತ್ತಿತೆಂದರೆ ತಪ್ಪಾಗದು.

ನೈರುತ್ಯ ದಿಕ್ಕಿನಲ್ಲಿ ಲೋಂಗ್‌ಹುವಾ ದೇವಾಲಯವಿದೆ. ಇದರ ಮೂಲವನ್ನು ಐತಿಹ್ಯವು 3ನೆಯ ಶತಮಾನದವರೆಗೆ ಒಯ್ಯುತ್ತದೆ. ಕಾಂಗ್ ಸೆಂಗ್‌ಹುಯಿ ಎಂಬ ಭಿಕ್ಷುವಿನ ಹೆಸರನ್ನು ಹೇಳುತ್ತದೆ. ಈ ಭಿಕ್ಷುವಿನ ಪೂರ್ವಿಕರು ಮಧ್ಯ ಏಷ್ಯದವರಾಗಿದ್ದು, ಕೆಲವು ತಲೆಮಾರುಗಳ ಕಾಲ ಭಾರತದಲ್ಲಿ ನೆಲೆಸಿದ್ದರೆಂದು ಅವನ ಚರಿತ್ರೆಯಲ್ಲಿದೆ. ಎದುರಿಗೆ ನಿಂತಿರುವ ಏಳು ಅಂತಸ್ತಿನ ಸ್ತೂಪಗೋಪುರದ ಕಟ್ಟಡವು 977ರ ಕಾಲದ್ದು. ಊರಿನ ಉತ್ತರಭಾಗದಲ್ಲಿರುವ ಹಸಿರುಶಿಲೆಯ ಬುದ್ಧನ ದೇವಾಲಯದಲ್ಲಿ, 1882ರಲ್ಲಿ ಬರ್ಮಾದಿಂದ ತಂದ ಬೆಳ್ಳನೆಯ ಜೇಡ್ ಶಿಲೆಯ ಮೂರ್ತಿಗಳುಂಟು. ಕುಳಿತ ಬುದ್ಧನ ಮುಖದಲ್ಲಿ ನೆಲೆಸಿರುವ ಶಾಂತಿಯನ್ನು ನೋಡುತ್ತ ನಾವು ಬಹಳ ಹೊತ್ತು ನಿಂತೆವು. ಅಗರಬತ್ತಿ ಹಚ್ಚುವ ತಾಯಂದಿರೂ, ಮಕ್ಕಳ ಪರೀಕ್ಷೆಗಾಗಿ ಹರಕೆ ಹೊರುವ ತಂದೆಯರೂ ನಮ್ಮ ಊರಿನವರಂತೆಯೇ ಕಂಡರು. ನಮ್ಮ ದೇಶದಿಂದ ಒಂದು ಕಾಲದಲ್ಲಿ ಚೀನಾಕ್ಕೆ ಧರ್ಮವು ಹೋಯಿತು; ಇನ್ನೊಂದು ಕಾಲದಲ್ಲಿ ವಿಷವು ಹೋಯಿತು. ಧರ್ಮವನ್ನು ಒಯ್ದವರು ಬರಿಗಾಲಿನ ಭಿಕ್ಷುಗಳು. ವಿಷವನ್ನು ಒಯ್ದವರು ಸೌಧಗಳನ್ನು ಕಟ್ಟಿದರು.

ಮೂರನೆಯ ದಿನ: ಸೂಚೌ ತೊರೆ ಮತ್ತು ಹೋಂಗ್‌ಕೌ

ಹುವಾಂಗ್‌ಪುವಿಗೆ ಪಡುವಣದಿಂದ ಬಂದು ಸೇರುವ ತೊರೆಗೆ ಸೂಚೌ ತೊರೆಯೆಂದು ಹೆಸರು. ಅದರ ಬಾಯಲ್ಲಿಯೇ 1907ರ ಉಕ್ಕಿನ ಸೇತುವೆಯಿದೆ. ತೊರೆಯ ದಡವನ್ನು ಹಿಡಿದು ನಡೆದರೆ ಸಿಹಾಂಗ್ ಎಂಬ ಉಗ್ರಾಣವು ಸಿಕ್ಕುತ್ತದೆ. 1937ರ ಆಗಸ್ಟಿನಿಂದ ನವೆಂಬರಿನವರೆಗೆ ಜಪಾನೀಯರು ಶಾಂಘಾಯಿಯನ್ನು ಹಿಡಿಯಲು ಘೋರ ಯುದ್ಧವನ್ನು ನಡೆಸಿದರು. ಚೀನೀ ಸೈನ್ಯವು ಹಿಂದೆ ಸರಿಯುವಾಗ ನಾಲ್ಕು ನೂರರಷ್ಟು ಸೈನಿಕರು ಅಕ್ಟೋಬರ್ ಕೊನೆಯ ದಿನಗಳಲ್ಲಿ ಈ ಉಗ್ರಾಣದಲ್ಲಿ ನಿಂತು ಶತ್ರುವನ್ನು ತಡೆದರು. ತೊರೆಯ ಆಚೆದಡದಲ್ಲಿ ಪರದೇಶೀಯರ ವಸತಿಯಿದ್ದಿತು. ಜನರು ಈಚೆಯ ಕದನವನ್ನು ಕಣ್ಣಾರೆ ನೋಡುತ್ತ ನಿಂತಿದ್ದರು. ಗುಂಡಿನ ಗಾಯಗಳನ್ನು ತೋರಿಸುವ ಪಡುವಣ ಗೋಡೆಯ ಮುಂದೆ ಶಾಲೆಯ ಮಕ್ಕಳು ಇಂದು ಮೌನವಾಗಿ ನಿಲ್ಲುತ್ತಾರೆ.

ತೊರೆಯ ಉತ್ತರಕ್ಕೆ ಹೋಂಗ್‌ಕೌ ಭಾಗ. ಹಿಟ್ಲರನ ಹಿಂಸೆಗೆ ಗುರಿಯಾದ ಯೆಹೂದ್ಯರಿಗೆ ಲೋಕದ ಬಾಗಿಲುಗಳೆಲ್ಲ ಮುಚ್ಚಿದ್ದ ಕಾಲದಲ್ಲಿ, ಶಾಂಘಾಯಿಯಲ್ಲಿ ಇಳಿಯಲು ವೀಸಾ ಬೇಕಾಗಿರಲಿಲ್ಲ. ಸುಮಾರು 20,000 ಮಂದಿ ಇಲ್ಲಿಗೆ ಬಂದು ಪ್ರಾಣ ಉಳಿಸಿಕೊಂಡರು. 1943ರಲ್ಲಿ ಜಪಾನೀಯರು ಅವರನ್ನು ಹೋಂಗ್‌ಕೌವಿನ ಇಕ್ಕಟ್ಟಿನ ಒಂದು ಕೇರಿಯಲ್ಲಿ ಕೂಡಿಹಾಕಿದರು. ತಾವೇ ಅರೆಹೊಟ್ಟೆಯಲ್ಲಿದ್ದ ಚೀನೀ ನೆರೆಯವರ ಮಗ್ಗುಲಲ್ಲಿ ಅವರು ಯುದ್ಧ ಮುಗಿಯುವವರೆಗೆ ಬದುಕಿದರು. ಅವರ ಹಳೆಯ ಪ್ರಾರ್ಥನಾಮಂದಿರವು ಈಗ ಸ್ಮಾರಕವಾಗಿದೆ. ಅನ್ಯಾಯದ ಒಪ್ಪಂದದಿಂದ ಬಲವಂತವಾಗಿ ತೆರೆಯಲ್ಪಟ್ಟ ರೇವು ಹೀಗೆ ನಿರಾಶ್ರಿತರಿಗೆ ಆಶ್ರಯವಾದುದು ವಿಧಿಯ ವಿಚಿತ್ರ. ಸಮೀಪದಲ್ಲಿಯೇ, ಹೊಸ ಚೀನೀ ಸಾಹಿತ್ಯದ ಪ್ರವರ್ತಕನೆನಿಸಿದ ಲೂ ಶುನ್ ತನ್ನ ಕೊನೆಯ ವರ್ಷಗಳನ್ನು ಕಳೆದ ಮನೆಯೂ, ಉದ್ಯಾನವೊಂದರಲ್ಲಿ ಅವನ ಸಮಾಧಿಯೂ ಇವೆ. ಅವನು 1936ರಲ್ಲಿ ಇಲ್ಲಿಯೇ ತೀರಿಕೊಂಡನು.

ನಾಲ್ಕನೆಯ ದಿನ: ಮೂಡಣ ದಡ

ಪುದೋಂಗಿನ ಒಂದು ಮನೆಗಿಂತ ಪುಶಿಯ ಒಂದು ಹಾಸಿಗೆ ಲೇಸೆಂದು ಹಿಂದೆ ಊರಿನವರು ಹೇಳುತ್ತಿದ್ದರಂತೆ. ಗದ್ದೆ, ಉಗ್ರಾಣ, ಹಡಗಿನ ಕಾರ್ಖಾನೆಗಳಿದ್ದ ಆ ದಡವನ್ನು ಅಭಿವೃದ್ಧಿಪಡಿಸುವುದಾಗಿ ಸರಕಾರವು 1990ರಲ್ಲಿ ಸಾರಿತು. ಇಂದು ಅಲ್ಲಿ 1,535 ಅಡಿ ಎತ್ತರದ ಮುತ್ತಿನ ಗೋಪುರವೂ, 2,073 ಅಡಿ ಎತ್ತರದ ಶಾಂಘಾಯ್ ಟವರೂ ಆಕಾಶವನ್ನು ಮುಟ್ಟುವಂತೆ ನಿಂತಿವೆ. ಎರಡನೆಯದರ 118ನೆಯ ಅಂತಸ್ತಿಗೆ ಲಿಫ್ಟು ಒಂದು ನಿಮಿಷದೊಳಗೆ ಒಯ್ಯುತ್ತದೆ. ಕಿವಿ ಮುಚ್ಚಿದಂತಾಗುವುದಲ್ಲದೆ ಬೇರೆ ಶ್ರಮವಿಲ್ಲ. ಆದರೆ ಮೂಡಣ ದಡಕ್ಕೆ ಮೆಟ್ರೋದಲ್ಲಿ ಹೋಗದೆ, ಎರಡು ಯುವಾನ್ ಕೊಟ್ಟು ದೋಣಿಯಲ್ಲಿ ದಾಟಬೇಕೆಂದು ನಾವು ಸಲಹೆ ಮಾಡುತ್ತೇವೆ. ಸೈಕಲ್ಲುಗಳೊಡನೆ ಕೆಲಸಕ್ಕೆ ಹೋಗುವ ಜನರ ನಡುವೆ ನಿಂತಾಗ, ಹಿಂದೆ ಪರರು ಕಟ್ಟಿದ ಸಾಲೂ ಮುಂದೆ ತಾವು ಕಟ್ಟಿಕೊಂಡ ಸಾಲೂ ಒಟ್ಟಿಗೆ ಕಾಣಿಸುತ್ತವೆ. ಪಟ್ಟಣದ ಚರಿತ್ರೆಯನ್ನು ಇದಕ್ಕಿಂತ ಅಗ್ಗವಾಗಿ ಓದಲು ಬೇರೆ ದಾರಿಯಿಲ್ಲ.

ವಿಮಾನನಿಲ್ದಾಣದಿಂದ ಊರಿನ ಕಡೆಗೆ ಅಯಸ್ಕಾಂತದ ಬಲದಿಂದ ಹಳಿಯ ಮೇಲೆ ತೇಲುವ ರೈಲುಗಾಡಿಯೊಂದುಂಟು. ಸುಮಾರು 19 ಮೈಲಿ ದೂರವನ್ನು ಎಂಟು ನಿಮಿಷಗಳಲ್ಲಿ ಮುಗಿಸುತ್ತದೆ. ಮಕ್ಕಳೊಡನೆ ಹೋದವರು ಇದನ್ನು ತಪ್ಪಿಸಬಾರದು.

ಇಂದಿನ ನಿಜವಾದ ರೇವು ಊರಿನೊಳಗಿಲ್ಲ. ಹುವಾಂಗ್‌ಪುವಿನ ಆಳವು ದೊಡ್ಡ ಹಡಗುಗಳಿಗೆ ಸಾಲದುದರಿಂದ, ಕಡಲಿನಲ್ಲಿ 20 ಮೈಲಿ ಉದ್ದದ ಸೇತುವೆಯನ್ನು ಕಟ್ಟಿ ಯಾಂಗ್‌ಶಾನ್ ದ್ವೀಪಗಳಲ್ಲಿ 2005ರಲ್ಲಿ ಹೊಸ ರೇವನ್ನು ತೆರೆದರು. ಪೆಟ್ಟಿಗೆಗಳ ಲೆಕ್ಕದಲ್ಲಿ ಶಾಂಘಾಯ್ 2010ರಿಂದ ಪ್ರಪಂಚದ ಮೊದಲನೆಯ ರೇವಾಗಿದೆ. 20 ಅಡಿ ಉದ್ದದ ಪೆಟ್ಟಿಗೆಗಳಾಗಿ ಎಣಿಸಿದರೆ 2024ರಲ್ಲಿ ಐದು ಕೋಟಿಗಿಂತಲೂ ಹೆಚ್ಚು ಅಲ್ಲಿ ಏರಿ ಇಳಿದವು. 2017ರಲ್ಲಿ ತೆರೆದ ಒಂದು ಧಕ್ಕೆಯಲ್ಲಿ ಚಾಲಕರಿಲ್ಲದ ಬಂಡಿಗಳು ತಾವಾಗಿಯೇ ಓಡಾಡುತ್ತವೆ. ಒಂದು ಕಾಲದಲ್ಲಿ ಇದೇ ರೇವಿನಲ್ಲಿ ಬಿದಿರಿನ ದಡಿಯನ್ನು ಹೆಗಲಿಗಿಟ್ಟು ಮೂಟೆ ಹೊರುತ್ತಿದ್ದವರನ್ನು ಇಂಗ್ಲಿಷರು 'ಕೂಲಿ'ಗಳೆಂದು ಕರೆಯುತ್ತಿದ್ದರು. ಆ ಮಾತು ನಮ್ಮ ದಕ್ಷಿಣದೇಶದ ಕೂಲಿಯೆಂಬ ಶಬ್ದದಿಂದಲೇ ಹುಟ್ಟಿತೆಂಬುದು ವಿದ್ವಾಂಸರ ಒಂದು ಮತ.

ಇಷ್ಟು ಭಾರವನ್ನು ಹೊತ್ತಿರುವ ನೆಲವು ಮೆಕ್ಕಲುಮಣ್ಣೆಂಬುದನ್ನು ಮರೆಯಬಾರದು. 20ನೆಯ ಶತಮಾನದಲ್ಲಿ ಗಿರಣಿಗಳು ಭೂಗರ್ಭದ ನೀರನ್ನು ಮಿತಿಯಿಲ್ಲದೆ ಎತ್ತಿದುದರಿಂದ, 1960ರ ದಶಕದ ಹೊತ್ತಿಗೆ ಊರ ನಡುವಣ ನೆಲವು ಸರಾಸರಿ ಐದು ಅಡಿಗಳಿಗಿಂತ ಹೆಚ್ಚು ಕುಸಿದಿದ್ದಿತು. ಆಮೇಲೆ ನೀರೆತ್ತುವುದಕ್ಕೆ ಕಟ್ಟುಪಾಡು ಮಾಡಿ, ನೀರನ್ನು ಮರಳಿ ನೆಲಕ್ಕೆ ಇಳಿಸತೊಡಗಿದರು. ಏರಿಯ ಮೇಲೆ ಪ್ರವಾಸಿಗರು ಅಡ್ಡಾಡುವ ಜಗಲಿಯೂ ಪ್ರವಾಹವನ್ನು ತಡೆಯುವ ಗೋಡೆಯೇ ಆಗಿದೆ. ಕೊಳವೆಬಾವಿಗಳನ್ನು ಸಾವಿರ ಅಡಿಗೆ ಇಳಿಸುತ್ತಿರುವ ನಮ್ಮ ಊರುಗಳವರು ಇದನ್ನು ಗಮನಿಸಿದರೆ ಲಾಭವುಂಟು.

ಊಟದ ವಿಷಯ

ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಎಚ್ಚರದಿಂದಿರಬೇಕು. ತರಕಾರಿಯ ಪಲ್ಯಕ್ಕೂ ಹಂದಿಯ ಕೊಬ್ಬನ್ನೋ ಮಾಂಸದ ಸಾರನ್ನೋ ಬೆರೆಸುವುದುಂಟು. 'ವೋ ಚಿ ಸು' ಎಂದರೆ ನಾನು ಸಸ್ಯಾಹಾರಿಯೆಂದರ್ಥ. ಈ ಮೂರು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಬೌದ್ಧ ದೇವಾಲಯಗಳ ಭೋಜನಶಾಲೆಗಳಲ್ಲಿ ಮಾಂಸವಿಲ್ಲದುದಲ್ಲದೆ, ನಮ್ಮ ಮಡಿಯಡುಗೆಯಂತೆ ಈರುಳ್ಳಿ ಬೆಳ್ಳುಳ್ಳಿಗಳೂ ವರ್ಜ್ಯ. 1922ರಲ್ಲಿ ಸ್ಥಾಪಿತವಾದ ಗೋಂಗ್‌ದೆಲಿನ್ ಎಂಬ ಸಸ್ಯಾಹಾರದ ಭೋಜನಶಾಲೆಯು ನಾನ್‌ಜಿಂಗ್ ರಸ್ತೆಯ ಪಡುವಣ ಭಾಗದಲ್ಲಿದೆ. ಗೋಧಿಯ ಹಿಟ್ಟನ್ನು ತೊಳೆದು ತೆಗೆದ ಅಂಟಿನಿಂದ ಮಾಡುವ ಸಿಹಿ ಬೆರೆತ ವ್ಯಂಜನವೂ, ಸೋಯಾ ಅವರೆಯ ಹಾಲನ್ನು ಒಡೆಯಿಸಿ ಮಾಡುವ ಗಿಣ್ಣಿನಂತಹ ತೋಫುವೂ, ಕಳಲೆಯೂ, ಅಣಬೆಯೂ ಅಲ್ಲಿಯ ವಿಶೇಷಗಳು. ಎಲ್ಲಿ ಕುಳಿತರೂ ಬಿಸಿನೀರನ್ನೋ ಚಹಾವನ್ನೋ ತಂದಿಡುತ್ತಾರೆ. ಕಾಯಿಸದ ನೀರನ್ನು ಅಲ್ಲಿಯವರೂ ಕುಡಿಯುವುದಿಲ್ಲ.

ಚಹಾ ಎಂಬ ನಮ್ಮ ಮಾತು ಚೀನೀಯರ 'ಚಾ' ಎಂಬುದರಿಂದ ಬಂದುದು. ಗಿಡವೂ ಬಂದಿತು: ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್‌ಲೆಂಡಿನವನು 1848ರಿಂದ 1851ರವರೆಗೆ ಚೀನಾದ ಒಳನಾಡಿನಲ್ಲಿ ವೇಷ ಮರೆಸಿ ತಿರುಗಿ, ಚಹಾದ ಸಸಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ತುಂಬಿ ಶಾಂಘಾಯಿಯಿಂದ ಭಾರತಕ್ಕೆ ಸಾಗಿಸಿದನು. ಚೀನಾದ ಚಹಾವನ್ನು ಕೊಳ್ಳಲು ನಮ್ಮ ರೈತನಿಂದ ಅಫೀಮು ಬೆಳೆಯಿಸಿದವರೇ, ಆಮೇಲೆ ಚಹಾವನ್ನೂ ನಮ್ಮ ಕೂಲಿಕಾರನಿಂದ ಬೆಳೆಯಿಸಿದರು. ಹೀಗೆ ಎರಡು ದೇಶಗಳ ಬಡವರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ವ್ಯಾಪಾರದ ನೊಗಕ್ಕೆ ಕೊರಳು ಕೊಟ್ಟಿದ್ದರು.

ಶಾಂಘಾಯಿಯನ್ನು ನೋಡಿಬಂದವರನ್ನು ಮನೆಯಲ್ಲಿ ಮಕ್ಕಳು ಕಟ್ಟಡಗಳ ಎತ್ತರವನ್ನೇ ಮೊದಲು ಕೇಳುತ್ತಾರೆ. ಎತ್ತರವನ್ನು ಅವಶ್ಯವಾಗಿ ಹೇಳೋಣ. ಅದರ ಜೊತೆಗೆ ಗಸಗಸೆಯ ಹೊಲವನ್ನೂ, ಕಲ್ಲುಬಾಗಿಲ ಓಣಿಯನ್ನೂ, ಕೆಂಪು ಮುಂಡಾಸಿನ ಪೋಲೀಸಿನವನನ್ನೂ, ಮರದ ನೆರಳಿನಲ್ಲಿರುವ ನಮ್ಮ ಕವಿಯನ್ನೂ ಹೇಳಿದರೆ, ಆ ಮಕ್ಕಳು ಮುಂದೆ ಯಾವ ದೊಡ್ಡ ಪಟ್ಟಣಕ್ಕೆ ಹೋದರೂ ಮೂರನೆಯ ಪ್ರಶ್ನೆಯನ್ನು ತಾವಾಗಿಯೇ ಕೇಳುವರು.